ಅಕ್ಕ ಕೊಟ್ಟದ್ದು: ಚೋಳನಾಡಿನಲ್ಲಿ ತಲೆ ತಗ್ಗಿಸಿ ಓಡಾಡಿದ ಕತೆ

ಎಲ್ಲರಿಗೂ ನಮಸ್ಕಾರ.

ತಂಜಾವೂರಿನ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ಬಳಗದವರು ಕೇಳಿದಾಗ ಒಂದು ಕ್ಷಣ ಹಿಂದೆಮುಂದೆ ನೋಡಿದೆ. ಮಂಡ್ಯದಲ್ಲಿ ನಿಂತು, ಅದೂ ನಾಲೆ ಒಣಗಿರುವ ತಿಂಗಳಲ್ಲಿ, ತಮಿಳುನಾಡನ್ನು ಹೊಗಳುವುದು ಜಾಣರ ಕೆಲಸವಲ್ಲ. ಆದರೆ ನಾವೆಲ್ಲ ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಬಾಯಿಪಾಠ ಹೇಳುತ್ತ ಬೆಳೆದವರು. ಶ್ರೀರಂಗಪಟ್ಟಣ ಮನೆಬಾಗಿಲಲ್ಲೇ ಇದೆ, ಶಿವನಸಮುದ್ರಕ್ಕೆ ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಮೂರನೆಯದಾದ ಶ್ರೀರಂಗದಿಂದ ಆಚೆಗೆ, ನದಿ ಕವಲೊಡೆದು ಗದ್ದೆಗಳಲ್ಲಿ ಕರಗಿಹೋಗುವ ನಾಡನ್ನು ನಾನು ನೋಡಿದ್ದು ಐವತ್ತು ದಾಟಿದ ಮೇಲೆ.

ಮೈಸೂರಿನಿಂದ ಸಂಜೆ ಹೊರಡುವ ಗಾಡಿ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ತಂಜಾವೂರು. ಸ್ಟೇಷನ್ನಿನಿಂದ ಹತ್ತಿದ ಆಟೋದವನು ನನ್ನ ಅರೆಬರೆ ತಮಿಳು ಕೇಳಿ, "ಕರ್ನಾಟಕವಾ ಸಾರ್?" ಎಂದ. ಹೌದೆಂದೆ. "ತಣ್ಣಿ?" ಎಂದು ನಕ್ಕ. ನೀರು, ಅಂತ. ನಾನೂ ನಕ್ಕೆ. ಆ ವಿಷಯ ಅಲ್ಲಿಗೇ ಮುಗಿಯಿತು. ಎರಡೂ ಕಡೆಯ ಟಿವಿಯವರು ಆ ಆಟೋದಲ್ಲಿ ಇರಬೇಕಿತ್ತು.

ಈಗ ದೊಡ್ಡ ಗುಡಿ. ಬೃಹದೀಶ್ವರನ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಗೋಪುರ, ಸುಮಾರು 200 ಅಡಿ ಎತ್ತರ, ಗ್ರಾನೈಟಿನದು. ಒಂದನೆಯ ರಾಜರಾಜ ಚೋಳ 1010ರಲ್ಲಿ ಪೂರೈಸಿದ್ದು. ಅಲ್ಲಿನ ಗೈಡುಗಳು ಮೊದಲು ಹೇಳುವುದೇ ಈ ವಿಮಾನದ ನೆರಳು ನೆಲಕ್ಕೆ ಬೀಳುವುದಿಲ್ಲ ಎಂದು. ನಾನು ಅದೇ ನೆರಳಲ್ಲಿ ಅರ್ಧ ಗಂಟೆ ಕೂತಿದ್ದೆ, ತಂಪಾಗಿಯೇ ಇತ್ತು. ನಿಮ್ಮಲ್ಲಿ ಹೋಗುವವರಿದ್ದರೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನ ಚಪ್ಪಲಿ ಬಿಟ್ಟು ಆ ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಭಕ್ತಿ ತಾನಾಗಿ ಕುಣಿತವಾಗುತ್ತದೆ.

ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಾರೆ. ನಾನೂ ನೋಡಿದೆ. ಆದರೆ ಈ ಗುಡಿಯ ಮಾತು ಇರುವುದು ಕೆಳಗೆ, ಗರ್ಭಗುಡಿಯ ತಳದ ಕಲ್ಲುಗಳಲ್ಲಿ, ಪ್ರಾಕಾರದ ಗೋಡೆಗಳಲ್ಲಿ. ಸೊಂಟದೆತ್ತರದಲ್ಲಿ ಸಾಲುಸಾಲು ತಮಿಳು ಅಕ್ಷರ. 19ನೇ ಶತಮಾನದ ಕೊನೆಗೆ ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸರು ಅವನ್ನು ಓದಿ ಅಚ್ಚು ಹಾಕಿಸಿದರು. ಮೊದಲ ಶಾಸನದಲ್ಲೇ ರಾಜನ ಅಪ್ಪಣೆ ಹೀಗಿದೆ: ನಾಮ್ ಕುಡುತ್ತನವುಂ, ಅಕ್ಕನ್ ಕುಡುತ್ತನವುಂ, ನಮ್ ಪೆಣ್ಡುಗಳ್ ಕುಡುತ್ತನವುಂ, ಉಳಿದವರು ಕೊಟ್ಟದ್ದನ್ನೂ ಸೇರಿಸಿ ವಿಮಾನದ ಕಲ್ಲಿನಲ್ಲಿ ಕೆತ್ತಿ.

ಇದಕ್ಕೆ ಅನುವಾದ ಬೇಕೆ? ನಾವು ಕೊಟ್ಟದ್ದು, ಅಕ್ಕ ಕೊಟ್ಟದ್ದು, ನಮ್ಮ ಹೆಂಡಿರು ಕೊಟ್ಟದ್ದು. ಪಕಾರ ಹಕಾರವಾಗಿದೆ, ಅಷ್ಟೇ. ನಮ್ಮ ಹಾಲು ಹಿಂದೊಮ್ಮೆ ಪಾಲ್ ಆಗಿದ್ದ ಹಾಗೆ. ಆ ಅಕ್ಕ ಕುಂದವೈ. ಸಾಮ್ರಾಟನೊಬ್ಬ ತನ್ನ ಅತಿ ದೊಡ್ಡ ಗುಡಿಯ ಮೇಲೆ ತನ್ನ ಹೆಸರಾದ ಕೂಡಲೇ, ಹೆಂಡಿರಿಗಿಂತ ಮೊದಲು, ಬಿರುದು ಬಾವಲಿ ಏನೂ ಇಲ್ಲದೆ "ಅಕ್ಕ" ಎಂದು ಬರೆಸುತ್ತಾನೆ. ನಮ್ಮ ಮನೆಯಲ್ಲಿ ಮದುವೆಯ ಮುಯ್ಯಿ ಪುಸ್ತಕದಲ್ಲಿ ಅಪ್ಪ ಹೀಗೇ ಬರೆಯುತ್ತಿದ್ದರು: "ಅಕ್ಕ, ಬೆಳ್ಳಿ ಲೋಟ ಒಂದು". ಕುಂದವೈ ಕೊಟ್ಟದ್ದು ಲೋಟವಲ್ಲ, ಬಿಡಿ. ಚಿನ್ನ ಕೊಟ್ಟಳು, ವಿಗ್ರಹಗಳನ್ನು ಕೊಟ್ಟಳು. ಅವುಗಳಲ್ಲಿ ಅವಳ ಅಪ್ಪ ಅಮ್ಮನ ಪ್ರತಿಮೆಗಳೂ ಇದ್ದವು ಎಂದು ಶಾಸನ ಹೇಳುತ್ತದೆ.

ಪ್ರಾಕಾರದ ಉತ್ತರ ಗೋಡೆಯ ಹೊರಮೈಗೆ ಹೋಗಿ. ಅಲ್ಲೊಂದು ಪಟ್ಟಿ ಇದೆ. ಬೇರೆ ಬೇರೆ ಊರಿನ ಗುಡಿಗಳಿಂದ ಕರೆಸಿದ 400 ಜನ ನರ್ತಕಿಯರದ್ದು. ಒಬ್ಬೊಬ್ಬರ ಹೆಸರು, ಯಾವ ಊರಿನ ಯಾವ ಗುಡಿಯಿಂದ ಬಂದವಳು, ಈಗ ಯಾವ ಬೀದಿಯ ಯಾವ ಸಾಲಿನ ಎಷ್ಟನೇ ಮನೆ ಎಂಬುದೆಲ್ಲ ಇದೆ. ತೆಂಕಣ ಬೀದಿ, ತೆಂಕಣ ಸಾಲು, ಮೊದಲನೇ ಮನೆ ಎಂದು ಶುರುವಾಗಿ ಹಾಗೇ ಸಾಗುತ್ತದೆ, ಅಂಚೆಯವನ ಪುಸ್ತಕದಂತೆ. ವರ್ಷಕ್ಕೆ ತಲಾ 100 ಕಳಂ (ಆ ಕಾಲದ ಧಾನ್ಯದ ಅಳತೆ) ಭತ್ತ ಹುಟ್ಟುವ ಪಾಲು. ಸತ್ತರೆ ಅಥವಾ ಊರು ಬಿಟ್ಟರೆ ಹತ್ತಿರದ ಸಂಬಂಧಿ ಆ ಪಾಲು ಪಡೆದು ಕೆಲಸ ಮುಂದುವರಿಸಬೇಕು. ಮುಂದೆ ಕಣಕ್ಕುಗಳು ಎಂದರೆ ಲೆಕ್ಕ ಬರೆಯುವವರು, ದೀಪ ಹಚ್ಚುವವರು, ಕೊಡೆ ಹಿಡಿಯುವವರು, ಕ್ಷೌರಿಕರು, ದರ್ಜಿಗಳು. ಇದನ್ನು ದೇವಸ್ಥಾನ ಎಂದು ನೋಡಲು ಹೋದವನಿಗೆ ಕಲ್ಲಿನ ಸಂಬಳಪಟ್ಟಿ ಸಿಕ್ಕಿತು. ಈ ವ್ಯವಸ್ಥೆ ಆ ಹೆಣ್ಣುಮಕ್ಕಳಿಗೆ ಸುಖ ಕೊಟ್ಟಿತೋ ಇಲ್ಲವೋ ಎಂದು ಗೋಡೆ ಹೇಳುವುದಿಲ್ಲ. ಅವರನ್ನು ಯಾರೂ ಕೇಳಿ ಕರೆತಂದಿರಲಾರರು. ಆದರೆ ವಿಮಾನದ ಮೇಲಂತಸ್ತಿನಲ್ಲಿ ನಾಟ್ಯದ 108 ಕರಣಗಳನ್ನು, ಅಂದರೆ ಭಂಗಿಗಳನ್ನು, ಕೆತ್ತಲು ಹೊರಟವರು 81ಕ್ಕೆ ನಿಲ್ಲಿಸಿದ್ದಾರೆ, ಉಳಿದ ಕಲ್ಲು ಖಾಲಿ. ಕುಣಿದವರ ಪಟ್ಟಿ ಮಾತ್ರ ಗೋಡೆಯ ಮೇಲಿದೆ.

ಅರಮನೆಯ ಕಲಾ ಗ್ಯಾಲರಿಯಲ್ಲಿ ನಮ್ಮವನೊಬ್ಬ ಸಿಕ್ಕ. ಕುಂಭಕೋಣದ ಹತ್ತಿರದ ದಾರಾಸುರದಿಂದ ತಂದಿಟ್ಟ ದ್ವಾರಪಾಲಕ. ಕೆತ್ತನೆ ನೋಡಿದರೇ ಗೊತ್ತಾಗುತ್ತದೆ, ಇವನು ಈ ಊರಿನವನಲ್ಲ, ಚಾಲುಕ್ಯರ ಕಡೆಯವನು. ವಿಜಯರಾಜೇಂದ್ರದೇವರು ಕಲ್ಯಾಣಪುರವನ್ನು ಸುಟ್ಟು "ಕೊಡುವಂದ" ದ್ವಾರಪಾಲಕರ್ ಎಂದು ಅವನ ಮೇಲೇ ಬರೆದಿದೆ. ಕೊಡುವಂದ ಎಂದರೆ ನಮ್ಮ "ಕೊಂಡುಬಂದ". ಕಲ್ಯಾಣಪುರ ಎಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಹಾಗೆ ಕೊಂಡುಬಂದ ಈ ವಿಜಯರಾಜೇಂದ್ರ, ಅಂದರೆ ಚೋಳ ದೊರೆ ರಾಜಾಧಿರಾಜ, ಆಮೇಲೆ 1054ರಲ್ಲಿ ಕೊಪ್ಪಂ ಕಾಳಗದಲ್ಲಿ ಚಾಲುಕ್ಯ ಸೋಮೇಶ್ವರನ ಸೈನ್ಯದ ಎದುರು ಆನೆಯ ಮೇಲೇ ಸತ್ತ. ನನಗೆ ಹಿಡಿಸಿದ್ದು ಬೇರೆ. ಊರು ಸುಟ್ಟು ಹೊತ್ತು ತಂದ ಕಲ್ಲನ್ನೂ ಏಕವಚನದಲ್ಲಿ ಕರೆದಿಲ್ಲ, ನೋಡಿ. ದ್ವಾರಪಾಲಕ"ರು".

ಕಲ್ಲು ಕೊಂಡೊಯ್ಯುವುದು ರಾಜರಿಗೆ ಮಾತ್ರ ಸೀಮಿತವಲ್ಲ. ರಾಜರಾಜನ ಮಗ ರಾಜೇಂದ್ರ ಗಂಗೆಯವರೆಗೆ ದಂಡು ಕಳಿಸಿ, ನೀರು ತರಿಸಿ ಕಟ್ಟಿಸಿದ ಊರು ಗಂಗೈಕೊಂಡ ಚೋಳಪುರ. ಅಪ್ಪನದಕ್ಕಿಂತ ತುಸು ಕಡಿಮೆ ಎತ್ತರದ, ಆದರೆ ನಡು ಬಳುಕಿದಂತಿರುವ ವಿಮಾನ ಅಲ್ಲಿದೆ. ಅದರ ಹೊರಗೋಡೆಯ ಕಲ್ಲುಗಳನ್ನು 1836ರ ಸುಮಾರಿಗೆ ಕಂಪನಿ ಸರ್ಕಾರದವರು ಕಿತ್ತು ಕಾವೇರಿಯ ಕವಲಾದ ಕೊಳ್ಳಿಡಂ ನದಿಯ ಕೆಳ ಅಣೆಕಟ್ಟೆಗೆ ಹಾಕಿದರು. ಗಂಗೆಯ ಹೆಸರಿನ ಗುಡಿಯ ಕಲ್ಲು ಈಗ ಕಾವೇರಿಯ ನೀರು ತಡೆಯುತ್ತಿದೆ.

ಕುಂಭಕೋಣದಲ್ಲಿ ಎರಡು ದಿನ ಇದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಹಂ ಎಂಬ ಪುಣ್ಯಸ್ನಾನ ನಡೆಯುವ ಕೆರೆ ಇರುವುದು ಇಲ್ಲೇ, 2016ರಲ್ಲಿ ಆಗಿದೆ, ಮುಂದಿನದು 2028. ಶ್ರೀ ವಿಜಯೀಂದ್ರ ತೀರ್ಥರ ಬೃಂದಾವನವೂ ಅಲ್ಲೇ ಇದೆ. ನಮ್ಮ ಕಡೆಯ ಯಾತ್ರಿಕರ ಬಸ್ಸು ಸಾಮಾನ್ಯವಾಗಿ ನಿಲ್ಲುವುದು ಅಲ್ಲಿ. ಬೆಳಗಿನ ಹೋಟೆಲಿನಲ್ಲಿ "ಇಡ್ಲಿಗೆ ಕಡಪ್ಪಾ ಇದೆ" ಎಂದರು. ನಾನು ಅಡುಗೆಮನೆಗೆ ಹಾಸುವ ಕಡಪಾ ಕಲ್ಲು ನೆನೆದು ಗಾಬರಿಯಾದೆ. ಹೆಸರುಬೇಳೆ, ಆಲೂಗಡ್ಡೆ, ಕಾಯಿ, ಗಸಗಸೆ ಹಾಕಿದ ಗಟ್ಟಿ ಸಾಗು ಅದು. ಮೂರು ಸಲ ಹಾಕಿಸಿಕೊಂಡೆ. ಪಕ್ಕದ ಸ್ವಾಮಿಮಲೆಯಲ್ಲಿ ವಿಗ್ರಹ ಮಾಡುವ ಸ್ಥಪತಿಗಳು ಮೇಣದ ಅಚ್ಚಿಗೆ ಕಾವೇರಿಯ ವಂಡಲ್ ಮಣ್ಣು, ಅಂದರೆ ಮೆಕ್ಕಲು ಮಣ್ಣು, ಬಳಿದು ಪಂಚಲೋಹ ಎರೆಯುತ್ತಾರೆ. ಅಳತೆಗೆ ಟೇಪು ಇಲ್ಲ, ತೆಂಗಿನ ಗರಿಯ ಎಸಳು ಮಡಿಸಿ ತಾಳದ, ಅಂದರೆ ವಿಗ್ರಹದ ಅಂಗಗಳ ಪ್ರಮಾಣದ, ಲೆಕ್ಕ ಹಾಕುತ್ತಾರೆ. ಮಣ್ಣನ್ನು ಮುಟ್ಟಿ ನೋಡಿದೆ, ಬೆಣ್ಣೆಯಂತೆ ನುಣುಪು. ನಮ್ಮ ಕೊಡಗಿನ ಗುಡ್ಡವೂ ಸ್ವಲ್ಪ ಅದರಲ್ಲಿದ್ದೀತು.

ಕೊನೆಗೆ ತಿರುವೈಯಾರು, ತಂಜಾವೂರಿನಿಂದ ಹದಿಮೂರು ಕಿಲೋಮೀಟರ್. ತ್ಯಾಗರಾಜರ ಸಮಾಧಿ ಕಾವೇರಿಯ ದಂಡೆಯಲ್ಲಿದೆ. ಅದು ಪಾಳುಬಿದ್ದ ಸುದ್ದಿಯನ್ನು ಮೈಸೂರಿನ ಸಂಗೀತ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು ತಮ್ಮ ಶಿಷ್ಯೆಗೆ ಕಾಗದ ಬರೆದು ತಿಳಿಸಿದರು. ಆ ಶಿಷ್ಯೆ ಬೆಂಗಳೂರು ನಾಗರತ್ನಮ್ಮ, 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ದೇವದಾಸಿ ಮನೆತನದವರು. ಜಾಗ ಕೊಂಡರು, ಒಡವೆ ಮಾರಿದರು, 1925ಕ್ಕೆ ಗುಡಿ ಎಬ್ಬಿಸಿದರು. ಆದರೆ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಬಣಗಳೂ ಹೆಂಗಸರಿಗೆ ಹಾಡಲು ಬಿಡಲಿಲ್ಲ. ಗುಡಿ ಕಟ್ಟಿದವಳಿಗೇ ಹಾಡುವ ಹಕ್ಕಿಲ್ಲ! ಅವರು ಸಮಾಧಿಯ ಹಿಂದುಗಡೆ ಹೆಂಗಸರನ್ನು ಸೇರಿಸಿಕೊಂಡು ತಮ್ಮದೇ ಕಛೇರಿ ನಡೆಸಿದರು. 1940ರ ಹೊತ್ತಿಗೆ ಬಣಗಳು ಒಂದಾದವು, ಹೆಂಗಸರೂ ಒಳಗೆ ಬಂದರು.

ನಾಗರತ್ನಮ್ಮನವರು ತೀರಿಕೊಂಡಿದ್ದು 1952ರಲ್ಲಿ. ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಗುಡಿಗೆ ಎದುರಾಗಿ, ಕೈಮುಗಿದು ಕೂತ ಪ್ರತಿಮೆ. ನಾನು ಹೋದಾಗ ಯಾರೂ ಇರಲಿಲ್ಲ. ಕಸ ಗುಡಿಸುತ್ತಿದ್ದ ಅಮ್ಮನೊಬ್ಬರು ನಾನು ಎಲ್ಲಿಯವನೆಂದು ವಿಚಾರಿಸಿ, ಪ್ರತಿಮೆಯ ಕಡೆ ಕೈ ತೋರಿಸಿ, "ಉಂಗ ಊರು ಅಮ್ಮಾ" ಎಂದರು. ನಿಮ್ಮೂರಿನ ಅಮ್ಮ. ತಂಜಾವೂರಿನ ಗೋಡೆಯ ಆ 400 ಹೆಸರುಗಳ ಕೆಳಗೆ ಇನ್ನೊಂದು ಹೆಸರು ಸೇರಿಸಬಹುದಾದರೆ ಅದು ಯಾವುದೆಂದು ನನಗೆ ಆ ಕ್ಷಣ ಅನುಮಾನವಿರಲಿಲ್ಲ. ಊರು, ನಂಜನಗೂಡು. ಬೀದಿ, ಕಾವೇರಿ ದಂಡೆ.

ಪುಷ್ಯ ಬಹುಳ ಪಂಚಮಿಯ ಆರಾಧನೆಗೆ ಹೋದರೆ ನಿಲ್ಲಲು ಜಾಗ ಸಿಗುವುದಿಲ್ಲ, ಯಾವುದಾದರೂ ಮಾಮೂಲಿ ದಿನ ಹೋಗಿ. ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ, ಟಿಎಂಸಿ ಲೆಕ್ಕ ಒಂದನ್ನು ಬಿಟ್ಟು.