ಶರ್ಕರೆ ಹೋದ ದಾರಿಗಳು

ಎಲ್ಲರಿಗೂ ನಮಸ್ಕಾರ. ‘ಶುಗರ್’ ಬಂದದ್ದು ಸಂಸ್ಕೃತದ ‘ಶರ್ಕರಾ’ದಿಂದ ಎಂಬ ಮಾತನ್ನು ಇಲ್ಲಿರುವ ಎಲ್ಲರೂ ಕೇಳಿಯೇ ಇರುತ್ತೀರಿ. ಮಾತು ನಿಜ. ಆದರೆ ಅಷ್ಟಕ್ಕೇ ಹೆಮ್ಮೆಪಟ್ಟು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಶಬ್ದದ ಮೂಲ ಹುಡುಕುವವರು ನಿಘಂಟು ಮುಚ್ಚಿಟ್ಟು ಆಲೆಮನೆಗೂ ಹೋಗಬೇಕು. ಇವತ್ತು ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ.

ಶರ್ಕರಾ ಅಂದರೆ ಮೊದಲಿಗೆ ಮರಳು, ನುರುಜುಗಲ್ಲು, ಹರಳು. ಮೂತ್ರದಲ್ಲಿ ಬೀಳುವ ಹರಳಿಗೂ ಆಯುರ್ವೇದದಲ್ಲಿ ಇದೇ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರ ಕಬ್ಬಿನ ಪದಾರ್ಥಗಳನ್ನು ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಸಾಲಾಗಿ ಹೇಳುತ್ತದೆ. ಫಾಣಿತ ನಮ್ಮ ಜೋನಿಬೆಲ್ಲದಂಥದ್ದು, ಗುಡ ಎಂದರೆ ಬೆಲ್ಲ. ಶರ್ಕರಾ ಕೊನೆಗೆ ಯಾಕೆ ಬಂತು ಅನ್ನುವುದಕ್ಕೆ ಉತ್ತರ ಕೊಪ್ಪರಿಗೆಯಲ್ಲಿದೆ.

ಕಬ್ಬಿನ ಹಾಲು ಸ್ವಭಾವತಃ ತುಸು ಹುಳಿ. ಕಡಿದ ಕಬ್ಬು ಅರೆಯುವುದಕ್ಕೆ ಮೊದಲೇ ಬಿಸಿಲಲ್ಲಿ ಬಿದ್ದಿದ್ದರೆ ಹುಳಿ ಇನ್ನೂ ಏರುತ್ತದೆ. ಆ ಹುಳಿಯಲ್ಲಿ ಕುದಿಸಿದಾಗ ಸುಕ್ರೋಸ್, ಅಂದರೆ ಹರಳುಕಟ್ಟುವ ಸಕ್ಕರೆ, ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿಬಿಡುತ್ತದೆ. ಹಾಗಾದರೆ ಹರಳು ಸರಿಯಾಗಿ ಕಟ್ಟುವುದಿಲ್ಲ, ಅಚ್ಚಿಗೆ ಹುಯ್ದ ಬೆಲ್ಲವೂ ಜಿನುಗುತ್ತದೆ. ಅದಕ್ಕೇ ಸುಣ್ಣದ ತಿಳಿ ಹಾಕುವುದು. ಅದೂ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಬೆಂಡೆಗಿಡದ ಲೋಳೆ ಬಿಟ್ಟರೆ ಕಸ ನೊರೆಯಾಗಿ ಮೇಲೇಳುತ್ತದೆ, ಅದನ್ನು ಆಗಾಗ ತೆಗೆಯಬೇಕು. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ, ತಿರುವಿ, ಅಚ್ಚಿಗೆ ಹುಯ್ದರೆ ಬೆಲ್ಲ. ಕಾಕಂಬಿ, ಅಂದರೆ ಹರಳುಕಟ್ಟದ ಕಂದು ಪಾಕ, ಎಲ್ಲ ಅದರೊಳಗೇ ಉಳಿಯಿತು.

ಹರಳು ಬೇಕಾದವರು ಪಾಕವನ್ನು ಅದಕ್ಕಿಂತ ಮೊದಲೇ ಇಳಿಸಿ, ಮಡಕೆಗೆ ತುಂಬಿ, ಅಲುಗಿಸದೆ ದಿನಗಟ್ಟಲೆ ಬಿಡಬೇಕು. ನಿಧಾನವಾಗಿ ಹರಳು ಬೆಳೆಯುತ್ತದೆ. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ಒತ್ತಿ, ಕಾಕಂಬಿ ಬಸಿಯಬೇಕು. ಉತ್ತರ ಭಾರತದ ಖಂಡಸಾರಿಯವರು, ಅಂದರೆ ಹಳೆಯ ಕ್ರಮದಲ್ಲಿ ಸಕ್ಕರೆ ಮಾಡುವವರು, ಅದರ ಮೇಲೆ ಒದ್ದೆ ನೀರುಪಾಚಿ ಹೊದಿಸುತ್ತಿದ್ದರು. ಪಾಚಿಯ ತೇವ ಮೆಲ್ಲಗೆ ಕೆಳಗಿಳಿದು ಹರಳಿಗಂಟಿದ ಕಂದು ಬಣ್ಣವನ್ನು ತೊಳೆಯುತ್ತದೆ. ಕೊನೆಗೆ ಕೈಗೆ ಬರುವುದು ಬಿಳಿ ಮರಳು. ನೋಡಿ, ಹೆಸರು ಇಟ್ಟದ್ದು ರುಚಿ ನೋಡಿದ ನಾಲಿಗೆಯಲ್ಲ, ಹರಳನ್ನು ಮುಟ್ಟಿದ ಬೆರಳು.

ಗ್ರೀಕರಿಗೂ ಹೀಗೇ ಕಂಡಿತು. ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್, ಜೇನುನೊಣವಿಲ್ಲದೆ ಜೇನು ಕೊಡುವ ಜೊಂಡು ಭಾರತದಲ್ಲಿದೆ ಎಂದ. ಅವನಿಗೆ ಸಿಕ್ಕಿದ್ದು ಸಿಹಿ ಮಾತ್ರ. ಕ್ರಿಸ್ತಶಕ ಮೊದಲ ಶತಮಾನದ ವೈದ್ಯ ಡಿಯೋಸ್ಕೋರಿಡೀಸ್ ಬರೆಯುವಾಗ ‘ಸಾಖರೋನ್’ ಎಂಬ ಹೆಸರೂ ಬಂದಿದೆ, ಅದು ಉಪ್ಪಿನ ಹಾಗೆ ಹಲ್ಲಿನಡಿ ಪುಡಿಯಾಗುತ್ತದೆ ಎಂಬ ವಿವರವೂ ಬಂದಿದೆ. ಹೆಸರು ಒಂದೇ ಹೋಗಲಿಲ್ಲ, ಹರಳಿನ ಜೊತೆ ಹೋಯಿತು. ನನಗೆ ಬಹಳ ಇಷ್ಟವಾದ ಸಾಕ್ಷ್ಯ ಇದು.

ಮುಂದಿನ ದಾರಿ ಪಾರಸಿಯ ಶಕರ್, ಅರಬ್ಬಿಯ ಸುಕ್ಕರ್. ಇಟಲಿಯಲ್ಲಿ ಜುಕ್ಕೆರೊ, ಫ್ರೆಂಚರಲ್ಲಿ ಸುಕ್ರ್, ಇಂಗ್ಲಿಷಿನಲ್ಲಿ ಶುಗರ್. ಅರಬ್ಬರು ಸ್ಪೇನಿಗೆ ಕಬ್ಬಿನ ಬೇಸಾಯವನ್ನೇ ಒಯ್ದರು. ಅಲ್ಲಿ ಅರಬ್ಬಿಯ ‘ಅಲ್’ ಎಂಬ ಉಪಪದ ಸೇರಿದ ‘ಅಸ್-ಸುಕ್ಕರ್’ ಇಡಿಯಾಗಿ ಉಳಿದು ಸ್ಪ್ಯಾನಿಷಿನ ‘ಅಸೂಕರ್’ ಆಯಿತು, ಪೋರ್ಚುಗೀಸರಲ್ಲೂ ಅದೇ. ಅದೇ ಪೋರ್ಚುಗೀಸರು ಕೇರಳದ ಕರಾವಳಿಗೆ ಬಂದಿಳಿದಾಗ ಬೆಲ್ಲಕ್ಕೆ ಜನ ‘ಚಕ್ಕರ’ ಅನ್ನುತ್ತಿದ್ದರು. ಅದನ್ನವರು ‘ಜಾಗರ’ ಮಾಡಿಕೊಂಡರು. ಇಂಗ್ಲಿಷಿನ ‘ಜ್ಯಾಗರಿ’ ಅಲ್ಲಿಂದ ಬಂತು. ಅಂದರೆ ಶುಗರ್, ಜ್ಯಾಗರಿ ಎರಡೂ ಒಂದೇ ಶರ್ಕರೆ! ಒಂದು ಪರ್ಷಿಯಾ, ಅರಬ್ ದೇಶ ಸುತ್ತಿ ಹೋದದ್ದು, ಇನ್ನೊಂದು ಮಲಬಾರಿನಿಂದ ಹಡಗು ಹತ್ತಿದ್ದು. ಬರೀ ಸದ್ದು ಹೋಲಿಸುತ್ತ ಕೂತರೆ ಇದು ಹೊಳೆಯುವುದಿಲ್ಲ. ಸರಕು ಯಾವ ಬಂದರಿಗೆ ಬಂತು ಎಂದು ಕೇಳಬೇಕು.

ಇವತ್ತಿಗೂ ಕೇರಳದಲ್ಲಿ ‘ಶರ್ಕ್ಕರ’ ಕೇಳಿದರೆ ಅಂಗಡಿಯವರು ಬೆಲ್ಲವನ್ನೇ ಕೊಡುತ್ತಾರೆ. ಸಕ್ಕರೆಗೆ ಅಲ್ಲಿ ‘ಪಂಚಸಾರ’. ತಮಿಳಿನ ‘ಸರ್ಕ್ಕರೈ’ ಸಕ್ಕರೆಯೇ, ಆದರೆ ಸರ್ಕ್ಕರೈ ಪೊಂಗಲ್‌ಗೆ ಹಾಕುವುದು ಬೆಲ್ಲ. ನಮ್ಮ ‘ಸಕ್ಕರೆ’ ಪ್ರಾಕೃತದ ‘ಸಕ್ಕರಾ’ ಮೂಲಕ ಬಂದದ್ದು, ಮರಾಠಿಯ ‘ಸಾಖರ್’ ಅದರ ಹತ್ತಿರದ ನಂಟ. ಇನ್ನು ‘ಕಲ್ಲುಸಕ್ಕರೆ’: ಕಲ್ಲೆಂಬ ಅರ್ಥ ಮೂಲದಲ್ಲೇ ಇದ್ದದ್ದು ಮರೆತುಹೋಗಿ, ಕನ್ನಡಿಗರು ಅದನ್ನು ಇನ್ನೊಮ್ಮೆ ಸೇರಿಸಿಕೊಂಡರು.

ಸಮಯ ಮುಗಿಯುತ್ತ ಬಂತೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಅರ್ಥಶಾಸ್ತ್ರದ ಸಾಲಿನಲ್ಲಿದ್ದ ‘ಖಂಡ’ ಎಂಬ ಶಬ್ದದ ಕಥೆಯನ್ನು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಚುಟುಕಾಗಿ ಹೇಳುತ್ತೇನೆ. ಪಾರಸಿಗೆ ಹೋಗಿ ಅದು ಕಂದ್ ಆಯಿತು, ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷಿನ ಕ್ಯಾಂಡಿ. ಹಿಂದಿಯ ‘ಚೀನಿ’ ಹೆಸರಿನಲ್ಲಿ ಚೀನಾ ಇದೆ, ‘ಮಿಸ್ರಿ’ಯಲ್ಲಿ ಈಜಿಪ್ಟ್ ಇದೆ. ಆದರೆ ಸಕ್ಕರೆ ಮಾಡುವ ಕ್ರಮ ಕಲಿಯಲು ಚೀನಾದ ತಾಂಗ್ ದೊರೆ ತಾಯ್‌ಝೊಂಗ್ ಏಳನೆಯ ಶತಮಾನದಲ್ಲಿ ಜನ ಕಳಿಸಿದ್ದು ನಮ್ಮ ಮಗಧಕ್ಕೆ. ಆ ವಿದ್ಯೆ ಅಲ್ಲಿ ಬೆಳೆದು, ಮುಂದೆ ‘ಚೀನಿ’ ಎಂಬ ಹೆಸರು ಉತ್ತರ ಭಾರತದ ಮಾತಿನಲ್ಲಿ ನೆಲೆಗೊಂಡಿತು. ಕೇಳುವುದಿದ್ದರೆ ಈಗ ಕೇಳಿ.