ಹೊಸ ಬಾಳಲ್ಲ, ಹೊಂಬಾಳೆ

ಅಧ್ಯಕ್ಷರೇ, ಗ್ರಂಥಾಲಯದ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ, ನಾಳೆಯ ಶಿಬಿರಕ್ಕೆಂದು ಲ್ಯಾಪ್‌ಟಾಪ್ ಹೊತ್ತು ಬಂದಿರುವ ಮಕ್ಕಳೇ,

ಕಳೆದ ತಿಂಗಳು ಒಬ್ಬ ಹುಡುಗ ತನ್ನ ಅಕ್ಕನ ಸೀಮಂತದ ವಿಡಿಯೊವನ್ನು ನನಗೆ ತಂದು ತೋರಿಸಿದ. ತಾನೇ ಮೊಬೈಲಿನಲ್ಲಿ ತೆಗೆದು, ತಾನೇ ಎಡಿಟ್ ಮಾಡಿದ್ದು. ಅಚ್ಚುಕಟ್ಟಾದ ಕೆಲಸ. ಹೆಂಗಸರು ಬಳೆ ತೊಡಿಸುತ್ತ ಹಾಡುತ್ತಿದ್ದಾರೆ, ಕೆಳಗೆ ಹಾಡಿನ ಸಾಲು ಮೂಡಿ ಬರುತ್ತಿದೆ. ಆದರೆ ಅದು ಇಂಗ್ಲಿಷ್ ಅಕ್ಷರದಲ್ಲಿ. ಬಿ, ಎ, ಎಲ್, ಇ. ಈ ನಾಲ್ಕು ಅಕ್ಷರವನ್ನು ಬಳೆ ಎಂದು ಓದಬಹುದು, ಬಲೆ ಎಂದು ಓದಬಹುದು, ಬಾಲೆ ಎಂದೂ ಬಾಳೆ ಎಂದೂ ಓದಬಹುದು. ಬಸುರಿಗೆ ಬಳೆ ತೊಡಿಸುವ ಹಾಡಿನಲ್ಲಿ ಬಲೆ ಬಂದು ಕುಳಿತರೆ ಏನು ಗತಿ? ಹುಡುಗನಿಗೆ ಅದನ್ನೇ ಕೇಳಿದೆ. “ಎಲ್ಲರಿಗೂ ಗೊತ್ತಾಗುತ್ತದೆ ಬಿಡಿ ಸಾರ್, ಹಾಡು ಕೇಳಿಸುತ್ತದಲ್ಲ” ಎಂದ. ಆ ಮಾತಿಗೆ ಉತ್ತರ ಹೇಳಲೆಂದೇ, ಮನೆಯ ವಿಡಿಯೊಗಳ ಮೇಲೆ ಹಾಡಿನ ಸಾಲು ಬರೆಯುವ ಕುರಿತ ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡೆ. ಹಾಡು ಎಲ್ಲರಿಗೂ ಕೇಳಿಸುತ್ತದೆ, ನಿಜ. ಎಲ್ಲರಿಗೂ ಗೊತ್ತಾಗುವುದಿಲ್ಲ.

ಮದುವೆ ವಿಡಿಯೊ ತೆಗೆಯುವುದು ನನ್ನ ಕಸುಬು. 1993ರಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಯಾಯಿತು. ಚಪ್ಪರದಲ್ಲಿ ಕ್ಯಾಮೆರಾ ಹಿಡಿದವನು ನಾನೇ. ಆ ಕಾಲದ ಮದುವೆ ಕ್ಯಾಸೆಟ್ಟುಗಳು ನಿಮಗೆ ನೆನಪಿರಬೇಕು. ಚಿತ್ರ ನಮ್ಮ ಮನೆಯದು, ಧ್ವನಿ ಸಿನಿಮಾದ್ದು. ಧಾರೆಗೂ ಸಿನಿಮಾ ಹಾಡು, ಊಟದ ಪಂಕ್ತಿಗೂ ಸಿನಿಮಾ ಹಾಡು. ಚಪ್ಪರದ ಸದ್ದನ್ನೆಲ್ಲ ಅಳಿಸಿ ಅದರ ಮೇಲೆ ಹಾಡು ಕೂರಿಸುವುದೇ ಆಗ ಎಡಿಟಿಂಗ್ ಎನ್ನಿಸಿಕೊಳ್ಳುತ್ತಿತ್ತು. ನಾನೂ ಎಷ್ಟೋ ಮನೆಗಳ ಅಜ್ಜಿಯರ ದನಿಯನ್ನು ಹೀಗೆ ಅಳಿಸಿದ್ದೇನೆ. ಆ ಮನೆಗಳವರಿಗೆಲ್ಲ ನಾನು ಋಣಿ, ಆ ಋಣ ತೀರುವಂಥದ್ದಲ್ಲ.

ನಮ್ಮ ಮನೆಯ ಪುಣ್ಯಕ್ಕೆ ಕ್ಯಾಮೆರಾದಿಂದ ಇಳಿಸಿದ ಮೂಲ ಕ್ಯಾಸೆಟ್, 180 ನಿಮಿಷದ್ದು, ಟ್ರಂಕಿನ ತಳದಲ್ಲಿ ಪಂಚೆಯೊಂದರಲ್ಲಿ ಸುತ್ತಿಕೊಂಡು ಉಳಿದಿತ್ತು. ಕೆಲವು ವರ್ಷಗಳ ಹಿಂದೆ ಅದನ್ನು ಕಂಪ್ಯೂಟರಿಗೆ ಇಳಿಸಿದೆ. ಮದುಮಗಳನ್ನು ಹಸೆಗೆ ಕರೆಯುವ ಹೊತ್ತಿನಲ್ಲಿ ಮೂರು ನಿಮಿಷ ನಮ್ಮ ಅಜ್ಜಿ ಸೋಬಾನೆ ಹಾಡುತ್ತಾಳೆ. ಅಜ್ಜಿ ಸಾಲು ಎತ್ತುತ್ತಾಳೆ, ಉಳಿದ ಐದಾರು ಹೆಂಗಸರು ಸೊಲ್ಲು ಹಿಡಿಯುತ್ತಾರೆ. ಅವಳು ತೀರಿಕೊಂಡು ಬಹಳ ವರ್ಷವಾಗಿದೆ. ಅವಳ ದನಿ ಇರುವ ಜಾಗ ಪ್ರಪಂಚದಲ್ಲಿ ಇದೊಂದೇ.

ಈ ಮೂರು ನಿಮಿಷಕ್ಕೆ ಸಾಲುಗಳನ್ನು ಬರೆದು ಹಾಕೋಣ, ಮೊಮ್ಮಕ್ಕಳು ಓದಿಕೊಂಡು ಹಾಡಲಿ ಎಂದು ಕುಳಿತೆ. ಒಂದು ಸಂಜೆಯ ಕೆಲಸ ಎಂದುಕೊಂಡದ್ದು ಹನ್ನೊಂದು ದಿನ ಹಿಡಿಯಿತು. ಹಿಂದೆ ವಾಲಗದವರು ಶ್ರುತಿ ನೋಡಿಕೊಳ್ಳುತ್ತಿದ್ದಾರೆ, ಯಾರೋ ಮಗುವನ್ನು ಗದರಿಸುತ್ತಿದ್ದಾರೆ, ಟೇಪು ಬೇರೆ ಸವೆದಿದೆ. ಮೊದಲ ಸಾಲನ್ನು ಹೀಗೆ ಬರೆದೆ:

ಹೊಸ ಬಾಳ ತಂದಾರೆ, ಹಸೆಯ ಮುಂದಿಟ್ಟಾರೆ
ತಂಗ್ಯಮ್ಮ ಎದ್ದು ಹಸೆಗೆ ಬಾ, ಸೋಬಾನೆ

ಮದುವೆಯ ಹಾಡು, ಹೊಸ ಬಾಳು. ಎಷ್ಟು ಚೆನ್ನಾಗಿ ಹೊಂದುತ್ತದೆ! ಬಿಳಿಯ ಅಕ್ಷರಕ್ಕೆ ಕಪ್ಪು ಅಂಚು ಕಟ್ಟಿ ಸಾಲು ಕೂರಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಊರಿಗೆ ಹೋಗಿ ನಮ್ಮ ಸೋದರತ್ತೆಗೆ ತೋರಿಸಿದೆ. ಸೊಲ್ಲು ಹಿಡಿದ ಹೆಂಗಸರಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಎಂಬತ್ತು ದಾಟಿದ್ದಾರೆ. ಕನ್ನಡಕ ಏರಿಸಿಕೊಂಡು ಟೀವಿಯ ಹತ್ತಿರಕ್ಕೇ ಹೋಗಿ ನಿಂತರು. ತಾಯಿಯ ದನಿ ಕೇಳಿ ಕಣ್ಣೀರು ಹಾಕುತ್ತಾರೆ ಎಂದು ಮನೆಯವರೆಲ್ಲ ಕಾಯುತ್ತಿದ್ದೆವು. ಅವರು ನನ್ನ ಕಡೆ ತಿರುಗಿ, “ಇದನ್ನು ಬರೆದವರು ಯಾರು?” ಎಂದು ಕೇಳಿದರು.

“ನಾನೇ ಅತ್ತೆ.”

“ಹೊಸ ಬಾಳನ್ನು ಎಲ್ಲಿಂದ ತರುತ್ತಾರೆ, ಸೋಮವಾರದ ಸಂತೆಯಿಂದಲೋ? ಅದು ಹೊಂಬಾಳೆ, ಮಗು. ನಿಮ್ಮ ತಾತ ಬೆಳಗಿನ ಜಾವ ತೋಟಕ್ಕೆ ಆಳು ಕಳಿಸಿ ಇಳಿಸಿದ್ದು. ಅಕೋ, ಅಲ್ಲೇ ಇದೆಯಲ್ಲ!”

ಟೀವಿಯ ಮೇಲೆ ಬೆರಳಿಟ್ಟರು. ಹಸೆಯ ಮುಂದೆ, ಕಳಶದ ಪಕ್ಕದಲ್ಲಿ, ಅಡಿಕೆಯ ಹೊಂಬಾಳೆ. ಹಾಳೆ ಸೀಳಿ ಎಸಳೆಸಳಾಗಿ ಬಿಚ್ಚಿಕೊಂಡು, ಹಳದಿ ಬಣ್ಣಕ್ಕೆ ಕುಂಕುಮ ಹಚ್ಚಿಸಿಕೊಂಡು ನಿಂತಿದೆ. ಆ ಚಿತ್ರ ತೆಗೆದವನು ನಾನು. ಹನ್ನೊಂದು ದಿನ ಅದೇ ಮೂರು ನಿಮಿಷವನ್ನು ಹಿಂದೆ ಮುಂದೆ ಓಡಿಸಿದವನು ನಾನು. ಹೊಂಬಾಳೆ ಕಣ್ಣಿಗೆ ಬಿದ್ದದ್ದು ಅತ್ತೆ ಆ ಪದವನ್ನು ಹೇಳಿದ ಮೇಲೆ.

ಇಷ್ಟು ಉದ್ದಕ್ಕೆ ಈ ಕಥೆ ಹೇಳಿದ್ದೇಕೆ ಎಂದರೆ, ವಿಡಿಯೊ ಮೇಲೆ ಸಾಲು ಬರೆಯುವುದನ್ನು ಎಲ್ಲರೂ ಅಲಂಕಾರ ಎಂದುಕೊಂಡಿದ್ದಾರೆ. ಹೂವಿನ ಚೌಕಟ್ಟು, ಹೃದಯದ ಚಿತ್ರ, ಅದರ ಜೊತೆಗೆ ನಾಲ್ಕು ಸಾಲು ಅಕ್ಷರ. ನಾನು ಹೇಳುವುದು, ಅದು ಕೇಳಿಸಿಕೊಳ್ಳುವ ಕೆಲಸ. ಕೇಳುವಾಗ ನಾವು ಅರ್ಧ ಕೇಳಿ ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ. ಬರೆಯಲು ಕುಳಿತರೆ ಊಹೆಗೆ ರುಜು ಹಾಕಬೇಕಾಗುತ್ತದೆ. ಆಗ ಕೈ ತಡೆಯುತ್ತದೆ, ಬಲ್ಲವರ ಮನೆಗೆ ಕಾಲು ಎಳೆಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಈ ತಡೆಯೇ ಇಲ್ಲ. ಲಕಾರವೋ ಳಕಾರವೋ, ಹ್ರಸ್ವವೋ ದೀರ್ಘವೋ ಎಂದು ನಿರ್ಧರಿಸದೆ ಮುಂದೆ ಹೋಗಬಹುದು. ಆ ಸೀಮಂತದ ಹುಡುಗ ನಿರ್ಧಾರವನ್ನು ನೋಡುವವರ ತಲೆಗೆ ಕಟ್ಟಿದ್ದ. ಅಮೆರಿಕದಲ್ಲಿರುವ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎನ್ನುವವರು ಇಲ್ಲಿ ಇದ್ದೀರಿ. ಸರಿ, ಮೇಲೆ ಕನ್ನಡ ಇರಲಿ, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಅಕ್ಷರವೂ ಇರಲಿ. ಕಾಲಕ್ರಮದಲ್ಲಿ ಮಗುವಿನ ಕಣ್ಣು ಮೇಲಿನ ಸಾಲಿಗೆ ಹತ್ತುತ್ತದೆ.

ಹತ್ತುತ್ತದೆ ಎಂದು ಸುಮ್ಮನೆ ಹೇಳುತ್ತಿಲ್ಲ. ಬ್ರಿಜ್ ಕೊಠಾರಿ ಎಂಬವರು ವಿದ್ಯಾರ್ಥಿಯಾಗಿದ್ದಾಗ ಸ್ಪ್ಯಾನಿಷ್ ಕಲಿಯುತ್ತಿದ್ದರು. 1996ರಲ್ಲಿ ಗೆಳೆಯರ ಜೊತೆ ಸ್ಪ್ಯಾನಿಷ್ ಸಿನಿಮಾ ನೋಡುತ್ತಿದ್ದಾಗ, ಕೆಳಗಿನ ಬರಹ ಇಂಗ್ಲಿಷಿನ ಬದಲು ಸ್ಪ್ಯಾನಿಷಿನಲ್ಲೇ ಇದ್ದಿದ್ದರೆ ಕಲಿಯುವುದು ಸುಲಭವಾಗುತ್ತಿತ್ತು ಎನ್ನಿಸಿತು. ನಮ್ಮ ದೇಶದ ಹಾಡುಗಳಿಗೂ ಹೀಗೆ ಮಾಡಿದರೆ ಅರೆಬರೆ ಓದು ಬಲ್ಲವರ ಓದು ಗಟ್ಟಿಯಾಗುತ್ತದಲ್ಲ ಎಂಬ ಯೋಚನೆ ಬಂತು. ಅಹಮದಾಬಾದಿನ ಐಐಎಂ ಸೇರಿ, 1999ರಲ್ಲಿ ದೂರದರ್ಶನದ ಗುಜರಾತಿ ಚಿತ್ರಗೀತೆಗಳಿಗೆ ಗುಜರಾತಿಯಲ್ಲೇ, 2002ರಲ್ಲಿ ಚಿತ್ರಹಾರ್ ಕಾರ್ಯಕ್ರಮದ ಹಿಂದಿ ಹಾಡುಗಳಿಗೆ ಹಿಂದಿಯಲ್ಲೇ ಸಾಲು ಹಾಕಿಸಿದರು. ಹಾಡುವ ಪದ ಬಣ್ಣ ಬದಲಿಸುತ್ತ ಹೋಗುತ್ತದೆ. ಹಾಡು ಮೊದಲೇ ಬಾಯಿಗೆ ಬಂದಿರುವುದರಿಂದ ಕಣ್ಣು ತಾನಾಗಿ ಅಕ್ಷರವನ್ನು ಹಿಂಬಾಲಿಸುತ್ತದೆ, ಓದು ಎಂಬ ಭಯವಿಲ್ಲದೆ ಓದು ನಡೆದುಹೋಗುತ್ತದೆ. ಇದಕ್ಕೂ ಬಹಳ ಹಿಂದೆ, 1920ರ ದಶಕದಲ್ಲೇ, ನ್ಯೂಯಾರ್ಕಿನ ಫ್ಲೈಷರ್ ಸಹೋದರರು ಹಾಡಿನ ಪದಗಳ ಮೇಲೆ ಬಿಳಿ ಚೆಂಡೊಂದು ಕುಪ್ಪಳಿಸುವ ಕಿರುಚಿತ್ರಗಳನ್ನು ತೆಗೆದಿದ್ದರು. ಚೆಂಡು ಯಾವ ಪದದ ಮೇಲೆ ಬಿತ್ತೋ ಅದನ್ನು ಇಡೀ ಚಿತ್ರಮಂದಿರ ಒಟ್ಟಾಗಿ ಹಾಡುತ್ತಿತ್ತು. ಸೊಲ್ಲು ಹಿಡಿಯುವುದು ಎಂದರೆ ಇದೇ ಅಲ್ಲವೇ ತಾಯಂದಿರೇ?

ಈಗ ಕೆಲಸದ ವಿಚಾರಕ್ಕೆ ಬರುತ್ತೇನೆ. ಸಾಲನ್ನು ಎಲ್ಲಿ ಮುರಿಯಬೇಕು? ಅಜ್ಜಿ ಉಸಿರು ಎಳೆದುಕೊಳ್ಳುವಲ್ಲಿ. ಪುಸ್ತಕದಲ್ಲಿ ಹೇಗೆ ಅಚ್ಚಾಗಿದೆ ಎಂದು ನೋಡಬೇಡಿ, ಪರದೆಯ ಅಗಲಕ್ಕೆ ಸಾಫ್ಟ್‌ವೇರ್ ಎಲ್ಲಿ ಮಡಚುತ್ತದೆ ಎಂದೂ ನೋಡಬೇಡಿ. ಅವಳು ‘ಹೊಂಬಾಳೆ ತಂದಾರೆ’ ಎಂದು ಎಳೆದು ನಿಂತರೆ ನಿಮ್ಮ ಸಾಲೂ ಅಲ್ಲೇ ನಿಲ್ಲಲಿ. ಧ್ವನಿಯ ಟ್ರ್ಯಾಕನ್ನು ದೊಡ್ಡದು ಮಾಡಿ ನೋಡಿದರೆ ಅಲೆ ಸಣ್ಣದಾಗಿ ಕಣಿವೆಯಂತೆ ಇಳಿಯುತ್ತದೆ. ಆ ಕಣಿವೆಯೇ ಉಸಿರು. ಸಾಲು ಮಾತ್ರ ದನಿಗಿಂತ ಒಂದು ಚೂರು ಮೊದಲೇ ಬರಬೇಕು. ನಮ್ಮ ಹಳೆಯ ಕ್ಯಾಸೆಟ್ಟುಗಳಲ್ಲಿ ಸೆಕೆಂಡಿಗೆ 25 ಫ್ರೇಮ್ ಇರುತ್ತದೆ. ಐದಾರು ಫ್ರೇಮ್ ಮೊದಲೇ ಮೂಡಿದರೆ ಓದುವವನು ಹಾಡುವವಳ ಜೊತೆ ಹೆಜ್ಜೆ ಹಾಕಬಹುದು. ದನಿ ಬಂದ ಮೇಲೆ ಸಾಲು ಬಂದರೆ ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ತಲುಪಿದ ಹಾಗೆ. ನಾನು ಅಜ್ಜಿಯ ಸಾಲಿಗೆ ಬಿಳಿ ಬಣ್ಣವನ್ನೂ ಸೊಲ್ಲಿಗೆ ಹಳದಿಯನ್ನೂ ಕೊಟ್ಟೆ. ಯಾರು ಎತ್ತಿದರು, ಯಾರು ಹಿಡಿದರು ಎಂಬುದು ಕಾಣಬೇಕು.

ಹಾಡಿದಂತೆಯೇ ಬರೆಯಿರಿ. ‘ತಂದಾರೆ’ ಇದ್ದದ್ದನ್ನು ‘ತಂದಿದ್ದಾರೆ’ ಎಂದು ತಿದ್ದಬೇಡಿ. ನಮ್ಮ ಮೇಷ್ಟರೊಬ್ಬರು ಪ್ರೀತಿಯಿಂದ ಹಾಗೆ ತಿದ್ದಿಕೊಟ್ಟರು. ಅದನ್ನು ಹಾಡಿ ನೋಡಿದಾಗ ಸಾಲು ಕುಂಟಿತು, ಅವರೇ ನಕ್ಕು ಅಳಿಸಿದರು.

ನಮ್ಮ ಅಕ್ಷರದ ಕಷ್ಟ ಬೇರೆಯೇ ಇದೆ. ಇಂಗ್ಲಿಷ್ ಅಕ್ಷರಗಳು ಬೆಂಚಿನ ಮೇಲೆ ಸಾಲಾಗಿ ಕುಳಿತ ಹಾಗೆ ಇರುತ್ತವೆ, ನಮ್ಮ ಒತ್ತಕ್ಷರ ಬೆಂಚಿನ ಕೆಳಕ್ಕೂ ಕಾಲು ಚಾಚುತ್ತದೆ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಒದೆಯುತ್ತದೆ. ನಡುವೆ ಧಾರಾಳ ಅಂತರ ಬಿಡಿ. ಒಂದೊಂದೇ ಅಕ್ಷರ ಟೈಪಾದಂತೆ ಮೂಡುವ ಎಫೆಕ್ಟ್ ಇದೆಯಲ್ಲ, ಕನ್ನಡಕ್ಕೆ ಅದನ್ನು ಹಾಕಲೇಬೇಡಿ. ‘ಲಕ್ಷ್ಮಿ’ ಎಂಬುದು ನಮಗೆ ಎರಡಕ್ಷರದ ಹೆಸರು. ಯೂನಿಕೋಡ್ ಎಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿರುವ ಒಂದೇ ಸಂಕೇತ ಪದ್ಧತಿ, ಅದರ ಲೆಕ್ಕದಲ್ಲಿ ಈ ಹೆಸರು ಏಳು ತುಂಡು: ಲ, ಕ, ಸ್ವರ ಅಳಿಸುವ ಒಂದು ವಿರಾಮ ಚಿಹ್ನೆ, ಷ, ಇನ್ನೊಂದು ವಿರಾಮ, ಮ, ಕೊನೆಗೆ ಗುಡಿಸು. ತುಂಡು ತುಂಡಾಗಿ ಮೂಡಿಸಿದರೆ ಲಕ, ಲಕ್, ಲಕ್ಷ ಎಂದು ರೂಪ ಬದಲಿಸುತ್ತ, ಮದುಮಗಳ ಹೆಸರೇ ಸಪ್ತಪದಿ ತುಳಿದುಕೊಂಡು ಬರುತ್ತದೆ. ಇಡೀ ಪದವನ್ನು ಒಮ್ಮೆಗೇ ತೋರಿಸಿ. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳಲ್ಲಿ ಒತ್ತು ಕೂಡಿಕೊಳ್ಳುವುದೇ ಇಲ್ಲ, ಪಕ್ಕಕ್ಕೆ ಬಿದ್ದಿರುತ್ತದೆ. ಅಂಥ ಕಡೆ ಭಾರತೀಯ ಲಿಪಿಗಳಿಗೆಂದು ಬೇರೆ ಸೆಟ್ಟಿಂಗ್ ಇದೆಯೇ ಎಂದು ಮೊದಲು ಹುಡುಕಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹಾಡನ್ನು ನೇರವಾಗಿ ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಯೂನಿಕೋಡಿಗೆ ಪರಿವರ್ತಿಸಿಕೊಂಡು ತನ್ನಿ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ನವಿಲು, ಗುಬ್ಬಿ ಎಲ್ಲವೂ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟುಗಳು. ದಪ್ಪನೆಯದನ್ನು ಆರಿಸಿಕೊಳ್ಳಿ, ತೆಳ್ಳನೆಯ ಗೆರೆ ರೇಷ್ಮೆ ಸೀರೆಯ ಜರಿಯ ಮೇಲೆ ಕಾಣುವುದೇ ಇಲ್ಲ.

ಚೀಟಿ ಬಂದಿದೆ, ಇನ್ನು ಐದೇ ನಿಮಿಷವಂತೆ. ಉಳಿದದ್ದನ್ನು ಓಡಿಸುತ್ತೇನೆ.

ಸಾಲುಗಳನ್ನು ಚಿತ್ರದೊಳಗೇ ಅಚ್ಚೊತ್ತಿ ಮುಗಿಸಬೇಡಿ. ಎಸ್‌ಆರ್‌ಟಿ ಎಂಬ ಪ್ರತ್ಯೇಕ ಕಡತದಲ್ಲೂ ಇಡಿ. ಅದು ಬರಿಯ ಪಠ್ಯ: ಕ್ರಮಸಂಖ್ಯೆ, ಸಾಲು ಬರುವ ಹೊತ್ತು ಹೋಗುವ ಹೊತ್ತು, ಸಾಲು, ಆಮೇಲೆ ಒಂದು ಖಾಲಿ ಗೆರೆ. ಉಳಿಸುವಾಗ ಯುಟಿಎಫ್-8 ಎಂದು ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಯಾಗುವುದುಂಟು. ಅತ್ತೆ ತಪ್ಪು ಹಿಡಿದಾಗ ನನ್ನ ಬಳಿ ಈ ಕಡತ ಇರಲಿಲ್ಲ, ಇಡೀ ವಿಡಿಯೊವನ್ನು ಮತ್ತೆ ಕಟ್ಟಬೇಕಾಯಿತು. ಕಡತ ಇದ್ದರೆ ಒಂದು ಪದ ತಿದ್ದಲು ಅರ್ಧ ನಿಮಿಷ ಸಾಕು. ಕೆಡೆನ್‌ಲೈವ್, ಶಾಟ್‌ಕಟ್, ಸಬ್‌ಟೈಟಲ್ ಎಡಿಟ್ ಇವೆಲ್ಲ ಉಚಿತ ಎಡಿಟಿಂಗ್ ಸಾಫ್ಟ್‌ವೇರುಗಳು, ನಾಳೆ ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ. ಮೊಬೈಲ್ ತಾನೇ ಕೇಳಿ ಬರೆದುಕೊಡುವ ಸೌಲಭ್ಯವನ್ನೂ ಬಳಸಿಕೊಳ್ಳಿ. ಆದರೆ ಅದು ಬರೆದದ್ದನ್ನು ನಮ್ಮ ಅತ್ತೆಯಂಥವರ ಮುಂದೆ ಒಮ್ಮೆ ಹಿಡಿದು ನೋಡಿ.

ಹಕ್ಕಿನ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಸಾಲುಗಳ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಸಾಲುಗಳು ಈಗ ಎಲ್ಲರವು. ಬೇಂದ್ರೆಯವರು 1981ರಲ್ಲಿ, ಅವರ ಸಾಲುಗಳಿಗೆ 2041ರ ಕೊನೆಯವರೆಗೆ ಹಕ್ಕುಂಟು. ಧ್ವನಿಮುದ್ರಿಕೆಯ ಹಕ್ಕು ಬೇರೆ, ಅದು ಹಾಡು ಎಷ್ಟೇ ಹಳೆಯದಾಗಿದ್ದರೂ ಇರಬಹುದು. ಮನೆಯಲ್ಲಿ ನಾಲ್ಕು ಜನ ಕುಳಿತು ನೋಡುವುದಕ್ಕೂ ಯೂಟ್ಯೂಬಿಗೆ ಏರಿಸುವುದಕ್ಕೂ ವ್ಯತ್ಯಾಸವಿದೆ. ಬರೆದವರ ಹೆಸರು ಹಾಕುವುದನ್ನು ಮಾತ್ರ ಎಲ್ಲಿಯೂ ಬಿಡಬೇಡಿ. ಜನಪದ ಹಾಡಾದರೆ ಹಾಡಿದವರ ಹೆಸರು, ಅವರ ಊರಿನ ಹೆಸರು ಹಾಕಿ. ಸೊಲ್ಲು ಹಿಡಿದವರದ್ದೂ ಇರಲಿ.

ಫೇಡ್ ಎಷ್ಟು ಹೊತ್ತು, ಹಿಂದೆ ಪಟ್ಟಿ ಬೇಕೇ ಬೇಡವೇ, ಮೊಬೈಲನ್ನು ನಿಲ್ಲಿಸಿ ತೆಗೆದ ವಿಡಿಯೊದಲ್ಲಿ ಸಾಲು ಎಲ್ಲಿರಬೇಕು, ಇವೆಲ್ಲ ನಾಳೆಗೆ.

ಈಗ ದೀಪ ಆರಿಸಿ, ಆ ಮೂರು ನಿಮಿಷವನ್ನು ನೋಡೋಣ. ತಾಯಂದಿರೇ, ಹಳದಿ ಸಾಲು ಬಂದಾಗ ನೀವು ಸೊಲ್ಲು ಹಿಡಿಯಿರಿ. ಇನ್ನೊಂದು ಕೋರಿಕೆ ಇದೆ. ಕೊನೆಯ ನುಡಿಯ ಎರಡನೆಯ ಸಾಲಿನಲ್ಲಿ ಒಂದು ಪದದ ಜಾಗದಲ್ಲಿ ಮೂರು ಚುಕ್ಕಿ ಇಟ್ಟಿದ್ದೇನೆ. ಅಲ್ಲಿ ಅಜ್ಜಿ ಏನು ಹಾಡಿದ್ದಾಳೆ ಎಂಬುದು ಅತ್ತೆಗೂ ನೆನಪಿಗೆ ಬರಲಿಲ್ಲ. ಊಹಿಸಿ ತುಂಬಲು ನನಗೆ ಈಗ ಮನಸ್ಸಿಲ್ಲ. ನಿಮ್ಮ ಊರಿನ ಕಡೆ ಈ ಹಾಡು ಇದ್ದರೆ, ಆ ಪದ ನಿಮಗೆ ಗೊತ್ತಿದ್ದರೆ, ಕೈ ಎತ್ತಿ. ವಿಡಿಯೊವನ್ನು ಅಲ್ಲೇ ನಿಲ್ಲಿಸುತ್ತೇನೆ. ಬರೆದುಕೊಳ್ಳಲು ಪೆನ್ನು ತಂದಿದ್ದೇನೆ.