ಜಾಮ್‌ಗೆ ಬಹುಮಾನ, ಚಿತ್ರಕ್ಕಿಲ್ಲ

ಇದು ನ್ಯೂಯಾರ್ಕ್ ರಾಜ್ಯದ ರೂಟ್ 7. ಆಲ್ಬನಿಯ ನಮ್ಮ ಮನೆಯಿಂದ ಹೊರಟು ಅರ್ಧ ಗಂಟೆ ದಾಟಿದೆ, ಇನ್ನೇನು ವರ್ಮಾಂಟ್ ಗಡಿ ಬಂತು. ಅಕ್ಟೋಬರ್ ಎರಡನೇ ವಾರ. ಎರಡೂ ಕಡೆ ಮೇಪಲ್ ಮರಗಳು ಕುಂಕುಮ ಎರಚಿದ ಹಾಗೆ ನಿಂತಿವೆ. ಇದನ್ನ ತೋರಿಸೋಕೆ ಅಂತಾನೇ ರಜೆ ಹಾಕಿ ಅವ್ವನ್ನ ಕರ್ಕೊಂಡು ಹೊರಟಿದ್ದು. ಗಾಡಿ ಓಡಿಸ್ತಿರೋದು ನನ್ನ ಗಂಡ. ಈಗ ಕ್ಯಾಮೆರಾ ಹಿಂದಿನ ಸೀಟಿಗೆ ತಿರುಗುತ್ತೆ, ನೋಡಿ. ಶಾಲು ಹೊದ್ದು, ಕಿಟಕಿಗೆ ತಲೆ ಆನಿಸಿ, ಅವ್ವ ಗಡದ್ದಾಗಿ ಮಲಗಿದ್ದಾಳೆ. "ನನ್ನ ನಿದ್ದಿ ಯೂಟ್ಯೂಬಿಗೆ ಹಾಕಬ್ಯಾಡ" ಅಂದಿದ್ಲು. ಐದೇ ಸೆಕೆಂಡು ಅವ್ವ, ಬೈಬೇಡ.

ಹದಿನೈದು ವರ್ಷ ಊರು ಬಿಟ್ಟು ನನ್ನ ಕನ್ನಡ ಅರ್ಧ ಬೆಂಗಳೂರಿನದಾಗಿದೆ. ಅವ್ವನದು ಮಾತ್ರ ಧಾರವಾಡದ್ದೇ, ಕೇಳಿದ ಕೂಡಲೇ ಗೊತ್ತಾಗುತ್ತೆ.

ನಾವು ಹೋಗ್ತಿರೋದು ಬೆನ್ನಿಂಗ್ಟನ್ ಅನ್ನೋ ಸಣ್ಣ ಊರಿನ ಮ್ಯೂಸಿಯಮ್‌ಗೆ. ಗ್ರ್ಯಾಂಡ್‌ಮಾ ಮೋಸೆಸ್ ಅಂತ ಒಬ್ಬ ಅಜ್ಜಿ. ಆಕೆಯ ಚಿತ್ರಗಳ ಅತಿ ದೊಡ್ಡ ಸಾರ್ವಜನಿಕ ಸಂಗ್ರಹ ಇರೋದು ಇಲ್ಲಿ. ಪೂರ್ತಿ ಹೆಸರು ಆನಾ ಮೇರಿ ರಾಬರ್ಟ್‌ಸನ್ ಮೋಸೆಸ್. ಹುಟ್ಟಿದ್ದು 1860ರಲ್ಲಿ, ತೀರಿಕೊಂಡಿದ್ದು 1961ರಲ್ಲಿ. ಆ ನೂರಾ ಒಂದು ವರ್ಷದಲ್ಲಿ ಮುಕ್ಕಾಲು ಪಾಲು ಹೊಲ, ಮನೆ, ಮಕ್ಕಳು. ಕುಂಚ ಗಟ್ಟಿಯಾಗಿ ಹಿಡಿದಿದ್ದು ಎಪ್ಪತ್ತೈದು ದಾಟಿದ ಮೇಲೆ.

ಒಳಗಿನ ಚಿತ್ರಗಳನ್ನ ವಿಡಿಯೋದಲ್ಲಿ ತೋರಿಸ್ತಿಲ್ಲ, ಹಕ್ಕುಸ್ವಾಮ್ಯದ ತಕರಾರು ಯಾಕೆ ಬೇಕು? ನಿಮಗೆ ಕಾಣ್ತಿರೋದು ಹೆಚ್ಚಾಗಿ ಅವ್ವನ ಬೆನ್ನು, ಅವ್ವನ ತುರುಬು, ಇಳಕಲ್ ಸೀರೆ ಮೇಲೆ ನನ್ನ ಹಳೇ ಸ್ವೆಟರ್. ಚಿತ್ರ ಹೇಗಿದೆ ಅಂತ ನಾನು ಹೇಳ್ತೀನಿ.

ಒಂದು ಚಿತ್ರ ಅಂದ್ರೆ ಒಂದು ಇಡೀ ಊರು. ಮೇಲೆ ತೆಳು ಆಕಾಶ, ಅದರ ಕೆಳಗೆ ನೀಲಿಗೆ ತಿರುಗಿದ ಗುಡ್ಡ, ಗುಡ್ಡದ ಕೆಳಗೆ ಹತ್ತು ಥರದ ಹಸಿರು ಹೊಲ, ಬೇಲಿ, ಕೆಂಪು ಕೊಟ್ಟಿಗೆ, ಬಿಳಿ ಮನೆ. ಅದರ ತುಂಬ ಉಗುರಿನಷ್ಟು ಗಾತ್ರದ ಜನ. ಕುದುರೆ ಹೂಡ್ತಾರೆ, ಕಟ್ಟಿಗೆ ಹೊರ್ತಾರೆ, ಕೋಳಿ ಹಿಂದೆ ಓಡ್ತಾರೆ. ನೆರಳು ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಿಮದ ಮೇಲೆ ಚಮಕಿ ಪುಡಿ ಬೇರೆ ಉದುರಿಸ್ತಿದ್ಲಂತೆ ಅಜ್ಜಿ, ಥಳಥಳ ಅನ್ನಲಿ ಅಂತ.

"ಸಾಲಿ ಹುಡುಗ್ರು ತಗದಾರೇನ ಇವನ್ನ?"

"ಇಲ್ಲವ್ವ, ನಿನಗಿಂತ ದೊಡ್ಡಾಕಿ ತಗದಾಳ."

ಅಲ್ಲಿಗೆ ಪರ್ಸಿನಿಂದ ಕನ್ನಡಕ ಹೊರಗೆ ಬಂತು. ಮೂಗು ಗಾಜಿಗೆ ತಾಗೋಷ್ಟು ಹತ್ತಿರ ಹೋಗಿ ನೋಡ್ತಿದ್ಲು. ಕಾವಲಿನವರು ಒಮ್ಮೆ ಕೆಮ್ಮಿದ್ರು.

ಅಜ್ಜಿ ಚಿತ್ರ ಬರೀತಿದ್ದ ಕ್ರಮ ಹೇಳಿದೆ. ಮೊದಲು ಆಕಾಶ, ಆಮೇಲೆ ಗುಡ್ಡ, ಆಮೇಲೆ ಮರ, ಮನೆ, ದನ, ಕೊನೆಗೆ ಮನುಷ್ಯರು. ಮೇಲಿಂದ ಕೆಳಗೆ ಇಳ್ಕೊಂಡು ಬರೋದು. ಅವ್ವ ತಲೆ ಆಡಿಸಿದಳು. "ಬರೋಬ್ಬರಿ ಐತಿ. ಮನಿ ಕಟ್ಟಿದ ಮ್ಯಾಲೆ ಅಲ್ಲೇನು ಮಂದಿ ಬರೋದು?"

ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಮೇಜು. ಹಲಗೆಯನ್ನ ಎತ್ತಿ ಗೋಡೆಗೆ ಒರಗಿಸಿಡಬಹುದಾದಂಥ ಹಳೇ ಕಾಲದ ಮೇಜು. ಚಿತ್ರ ನಿಲ್ಲಿಸೋ ಸ್ಟ್ಯಾಂಡು ಗೀಂಡು ಏನೂ ಇಲ್ಲ, ಇದರ ಮೇಲೇ ಹಲಗೆ ಇಟ್ಕೊಂಡು ಬರೀತಿದ್ಲು. ರೊಟ್ಟಿ ತಟ್ಟೋರು ಕೂರೋ ಹಾಗೆ ಅಂತಿಟ್ಕೊಳ್ಳಿ. ಸ್ವಲ್ಪ ಬಗ್ಗಿ ನೋಡಿದ್ರೆ ಮೇಜಿನ ಕೆಳಗಿನ ಕಾಲಿಗೂ ಬಣ್ಣ, ಅಲ್ಲೂ ಗುಡ್ಡ, ಮರ, ದಾರಿ. ಅವ್ವ ಮಂಡಿ ನೋವನ್ನೂ ಮರೆತು ಬಗ್ಗಿದಳು. "ಒಂದಿಷ್ಟೂ ಜಾಗಾ ಬಿಟ್ಟಿಲ್ಲ ನೋಡ ಈಕಿ."

ಅಜ್ಜಿಗೆ ಈ ಚಟ ಮೊದಲಿಂದ ಇತ್ತು. 1918ರಲ್ಲಿ ಮನೆ ಗೋಡೆಗೆ ಕಾಗದ ಅಂಟಿಸುವಾಗ, ಬೆಂಕಿಗೂಡಿನ ಮುಂದಿನ ಹಲಗೆಗೆ ಬರೋ ಹೊತ್ತಿಗೆ ಕಾಗದ ಸಾಲದೇ ಹೋಯ್ತು. ಅಲ್ಲಿಗೊಂದು ಚಿತ್ರ ಬರೆದು ಮುಗಿಸಿದಳು. ಆಕೆಯ ಮೊದಲ ದೊಡ್ಡ ಚಿತ್ರ ಅದೇ. ಆಮೇಲೆ ಮುದಿತನದಲ್ಲಿ ಉಣ್ಣೆ ದಾರದಲ್ಲಿ ಚಿತ್ರ ಹೊಲೀತಿದ್ಲು. ಸಂಧಿವಾತ ಬಂದು ಬೆರಳಿಗೆ ಸೂಜಿ ನಿಲ್ಲದೇ ಹೋದಾಗ ತಂಗಿ ಹೇಳಿದ್ದು, ಸೂಜಿಗಿಂತ ಕುಂಚ ಸುಲಭ ಕಣೇ ಅಂತ.

ಇದನ್ನ ನಾನು ಬೇಕಂತಲೇ ಹೇಳಿದೆ. ಅವ್ವ ನಲವತ್ತು ವರ್ಷ ಕಸೂತಿ ಹಾಕಿದೋಳು. ಬಟ್ಟೆ ಮೇಲೆ ಒಂದು ಗೆರೆ ಎಳೆಯೋಳಲ್ಲ, ಎಳೆ ಎಣಿಸಿ ಎಣಿಸಿ ಗವಂತಿ, ಮುರಗಿ ಹೊಲಿಗೆಯಲ್ಲಿ ಗೋಪುರ, ಆನೆ ಎಲ್ಲ ಎಬ್ಬಿಸ್ತಿದ್ಲು. ಬೆರಳಿನ ಗೆಣ್ಣು ಬಾತು ನಾಲ್ಕು ವರ್ಷದಿಂದ ಬಿಟ್ಟಿದ್ದಾಳೆ. ಅವ್ವ ನನ್ನ ಮುಖ ನೋಡಿದಳು. "ನಂಗ ಬಣ್ಣದ ಡಬ್ಬಿ ಕೊಡಸಾಕ ಹೋಗಬ್ಯಾಡ ಮತ್ತ, ಈಗs ಹೇಳೀನಿ." ಸಿಕ್ಕಿಬಿದ್ದೆ.

ಅಜ್ಜಿ ಊರಿನ ಜಾತ್ರೆ ಥರದ ಮೇಳಕ್ಕೆ ತಾನು ಮಾಡಿದ ಜಾಮ್, ಹಣ್ಣಿನ ಡಬ್ಬಿಗಳ ಜೊತೆ ಚಿತ್ರಗಳನ್ನೂ ಕಳಿಸಿದ್ಲು. ಬಹುಮಾನ ಬಂದಿದ್ದು ಜಾಮ್‌ಗೆ. ಚಿತ್ರಗಳು ಹೂಸಿಕ್ ಫಾಲ್ಸ್ ಅನ್ನೋ ಊರಿನ ಔಷಧಿ ಅಂಗಡಿಗೆ ಹೋದವು, ಒಂದೊಂದಕ್ಕೆ ಮೂರು ಡಾಲರ್, ಐದು ಡಾಲರ್. ಧೂಳು ತಿಂತಾ ಕೂತಿದ್ದವನ್ನ 1938ರಲ್ಲಿ ಲೂಯಿಸ್ ಕಾಲ್ಡರ್ ಅನ್ನೋ ಎಂಜಿನಿಯರ್ ನೋಡಿದ. ಅಷ್ಟೂ ಕೊಂಡ. ಕೊಂಡು ಸುಮ್ಮನಿರದೆ ಮನೆ ಹುಡುಕ್ಕೊಂಡು ಹೋದ. ಅಜ್ಜಿ ಮನೇಲಿಲ್ಲ. ಸೊಸೆ, ಇನ್ನೂ ಒಂದು ಹತ್ತು ಚಿತ್ರ ಇವೆ, ನಾಳೆ ಬನ್ನಿ ಅಂದುಬಿಟ್ಟಳು. ರಾತ್ರಿ ಅಜ್ಜಿ ಹುಡುಕಿದ್ರೆ ಸಿಕ್ಕಿದ್ದು ಒಂಬತ್ತು. ಮಾತು ತಪ್ಪಬಾರದಲ್ಲ? ದೊಡ್ಡದೊಂದನ್ನ ಎರಡಾಗಿ ಕತ್ತರಿಸಿ ಹತ್ತು ಮಾಡಿದಳು.

ಅವ್ವ ಇದಕ್ಕೆ ನಕ್ಕಿದ್ದು ವಿಡಿಯೋದಲ್ಲಿ ಇದೆ, ಕೇಳಿ. ಪಕ್ಕದಲ್ಲಿದ್ದ ಅಮೆರಿಕನ್ ದಂಪತಿ, ಏನು ಅಂತ ಗೊತ್ತಿಲ್ಲದೇನೇ ಜೊತೆಗೆ ನಕ್ಕರು.

ಮೊದಲ ಸ್ವಂತ ಪ್ರದರ್ಶನ 1940ರ ಅಕ್ಟೋಬರ್, ನ್ಯೂಯಾರ್ಕ್ ನಗರದಲ್ಲಿ. ಅಜ್ಜಿಗೆ ಎಂಬತ್ತು. ಗ್ಯಾಲರಿ ಯಾರದ್ದು ಅಂತ ಕೇಳಿದ್ರೆ ಅದೇ ಒಂದು ಕಥೆ. ಒಟ್ಟೊ ಕಾಲಿರ್ ಅಂತ, ವಿಯೆನ್ನಾದಲ್ಲಿ ಕ್ಲಿಮ್ಟ್, ಶೀಲೆ ಅಂಥವರ ಚಿತ್ರಗಳನ್ನ ತೋರಿಸ್ತಿದ್ದ ಮನುಷ್ಯ. ನಾಜಿಗಳು ಆಸ್ಟ್ರಿಯಾ ನುಂಗಿದ ಮೇಲೆ ದೇಶ ಬಿಟ್ಟು, 1939ರಲ್ಲಿ ನ್ಯೂಯಾರ್ಕಿನಲ್ಲಿ ತನ್ನದೇ ಸಣ್ಣ ಗ್ಯಾಲರಿ ತೆರೆದ. ಹೆಸರು ಸೇಂಟ್ ಎಟಿಯೆನ್, ಬಿಟ್ಟು ಬಂದ ಊರಿನ ದೊಡ್ಡ ಚರ್ಚಿನ ನೆನಪಿಗೆ. ಹೊಸ ನಾಡಿನಲ್ಲಿ ಅವನು ಗೋಡೆಗೆ ಹಾಕಿದ್ದು, ಒಬ್ಬ ಹೊಲದ ಮನೆಯ ಮುದುಕಿ ಬರೆದ ಮೂವತ್ನಾಲ್ಕು ಚಿತ್ರ. ಅಜ್ಜಿ ಉದ್ಘಾಟನೆಗೂ ಹೋಗಲಿಲ್ಲ. ಮುಂದಿನ ತಿಂಗಳು ಗಿಂಬಲ್ಸ್ ಅನ್ನೋ ದೊಡ್ಡ ಅಂಗಡಿಯವರು ಅವೇ ಚಿತ್ರ ಇಟ್ಟು ಕರೆದಾಗ ಹೋದಳು. ನೆರೆದ ಜನಕ್ಕೆ ಮಾತಾಡಿದ್ದು ಬಣ್ಣದ ಬಗ್ಗೆ ಅಲ್ಲ, ಜಾಮ್ ಮಾಡೋದು ಹೇಗೆ ಅಂತ!

ಆಮೇಲಿನದು ಬೇಗ ಹೇಳಿಬಿಡ್ತೀನಿ. ಅಧ್ಯಕ್ಷ ಟ್ರೂಮನ್ ಕೈಯಿಂದ ಪ್ರಶಸ್ತಿ, ಟೈಮ್ ಪತ್ರಿಕೆಯ ಮುಖಪುಟ, ಶುಭಾಶಯ ಪತ್ರಗಳ ಮೇಲೆಲ್ಲ ಆಕೆಯದೇ ಚಿತ್ರ. 2006ರಲ್ಲಿ ಒಂದು ಚಿತ್ರ 12 ಲಕ್ಷ ಡಾಲರ್‌ಗೆ ಹೋಯ್ತು. ಅವ್ವ ಅದನ್ನ ರೂಪಾಯಿಗೆ ತಿರುಗಿಸೋ ಗೋಜಿಗೇ ಹೋಗಲಿಲ್ಲ.

ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ನಾಯೀವ್ ಆರ್ಟ್ ಅಂತಾರೆ, ಕನ್ನಡದಲ್ಲಿ ಮುಗ್ಧ ಕಲೆ. ಶಾಲೆಯಲ್ಲಿ ಕಲಿಯದೆ ಬರೆದದ್ದು ಅನ್ನೋದಾದ್ರೆ ಸರಿ. ಆದರೆ ಹನ್ನೆರಡನೇ ವಯಸ್ಸಿಗೆ ಬೇರೆಯವರ ಮನೆಗೆಲಸಕ್ಕೆ ಹೋದೋಳು, ಹತ್ತು ಹೆತ್ತು ಐದನ್ನ ಎಳೆಯದಿರುವಾಗಲೇ ಮಣ್ಣು ಮಾಡಿದೋಳು. ಅವಳನ್ನ ಮುಗ್ಧೆ ಅನ್ನೋಕೆ ನನಗಂತೂ ನಾಲಿಗೆ ಏಳಲ್ಲ. ಸಾವು ಗೊತ್ತಿಲ್ಲದೆ ಬಿಟ್ಟಿದ್ದಲ್ಲ, ಗೊತ್ತಿದ್ದೂ ಚಿತ್ರದೊಳಗೆ ಕರೆಯಲಿಲ್ಲ ಅಷ್ಟೇ.

ಕೊನೆಗೆ ಮ್ಯೂಸಿಯಮ್ಮಿನ ಅಂಗಡಿ. ಅವ್ವನಿಗೆ ಕುರ್ಚಿ ಸಿಕ್ತು, ತೊಡೆ ಮೇಲೆ ಆಕೆಯ ಚಿತ್ರಗಳ ದಪ್ಪ ಪುಸ್ತಕ. ನಾನು ಬಣ್ಣ ನೋಡ್ತಿದ್ದೆ, ಅವ್ವ ಕೆಲಸ ನೋಡ್ತಿದ್ಲು. ಮಳೆಗಾಳಿ ಬಂತು ಅಂತ ಹೆಂಗಸರು ಒಣಹಾಕಿದ ಬಟ್ಟೆ ಎಳೆಯೋ ಚಿತ್ರ ಬಂದಾಗ, "ಹಗ್ಗಾ ಹರೀತದ, ಕ್ಲಿಪ್ ಮೊದಲ ತಗೀರಿ" ಅಂತ ಅವರಿಗೇ ಹೇಳಿದಳು. ಹೆಂಗಸರೆಲ್ಲ ಸುತ್ತ ಕೂತು ಹೊಲಿಯೋದು ಬಂದಾಗ ಕೌದಿ ಅಂತ ನಾನು ಹೇಳಬೇಕಾಗಲೇ ಇಲ್ಲ. ಆಮೇಲೆ ಹಿಮದ ನಡುವೆ ಒಲೆ, ಒಲೆ ಮೇಲೆ ದೊಡ್ಡ ಪಾತ್ರೆ, ಜನ ಬಕೆಟ್ ಹೊತ್ತು ತರ್ತಿರೋದು. ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡೋದವ್ವ, ನಲವತ್ತು ಲೀಟರ್ ಕಾಯಿಸಿದ್ರೆ ಒಂದು ಲೀಟರ್ ಆಗೋದು, ಮಕ್ಕಳು ಅದನ್ನ ಹಿಮದ ಮೇಲೆ ಸುರಿದು ತಿಂತಾರೆ ಅಂದೆ.

"ಗಾಣ!" ಅಂದಳು ಅವ್ವ. ನೀವು ಆಲೆಮನೆ ಅಂತೀರಲ್ಲ, ಅದು. ಅಲ್ಲಿಂದ ಹತ್ತು ನಿಮಿಷ ಪುಸ್ತಕ ಮುಂದೆ ಹೋಗಲಿಲ್ಲ. ಅವ್ವನ ತವರಿನ ಗಾಣ, ಕೊಪ್ಪರಿಗೆ, ನೊರೆ ತೆಗೆಯೋ ಮಾವ, ಬಿಸಿ ಬೆಲ್ಲ ಕಬ್ಬಿನ ತುಂಡಿಗೆ ಸುತ್ತಿ ಕೊಟ್ಟಿದ್ದು, ನಾಲಿಗೆ ಸುಟ್ಕೊಂಡಿದ್ದು. ಇದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ. ಮೈಕ್ ಆನ್ ಇತ್ತು, ಪುಣ್ಯ. ಅದನ್ನ ಬೇರೆ ವಿಡಿಯೋ ಮಾಡಿ ಹಾಕ್ತೀನಿ.

ವಾಪಸ್ ಬರುವಾಗ ಅವ್ವ ನಿದ್ದೆ ಮಾಡಲಿಲ್ಲ. ಹೊರಗೆ ಮೇಪಲ್ ಎಲೆ ಮೇಲೆ ಸಂಜೆ ಬಿಸಿಲು, ಅದನ್ನೂ ನೋಡಲಿಲ್ಲ. ಹೂಸಿಕ್ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಅಲ್ಲವಾ, ಆ ಒಂಬತ್ತಕ್ಕ ಹತ್ತು ಮಾಡಾಕ ಕತ್ತರಿ ಹಾಕಿದ್ಳಲ್ಲ. ಆಕಳ ಒಂದ ಕಡೆ, ಆಕಳ ಕಾಯೋ ಹುಡುಗಿ ಇನ್ನೊಂದ ಕಡೆ ಆಗಿದ್ರ?"